ಹಳೆ ಕ್ವಾಲಿಸ್‌ಗೆ ಯಾವ ಆಯಿಲ್ ಅಂತ ಕೇಳಿದ್ದೀಯಲ್ಲ, ಅದಕ್ಕೆ

ಮಗ, ಮನೆಯವರ ಗ್ರೂಪಿನಲ್ಲಿ ನಿನ್ನ ಪ್ರಶ್ನೆ ಈಗ ನೋಡಿದೆ. ನನ್ನ ಅಣ್ಣನ 2003ರ ಕ್ವಾಲಿಸ್ ನಿನ್ನ ಕೈಗೆ ಬಂದಿದೆ, ಆಯಿಲ್ ಬದಲಾಯಿಸಬೇಕು, ಯಾವುದು ಹಾಕಿಸೋದು ಅಂತ ಕೇಳಿದ್ದೀಯ. ಹಳೆ ಎಂಜಿನ್‌ಗೆ ದಪ್ಪ ಆಯಿಲೇ ಸರಿ, 20ಡಬ್ಲ್ಯೂ-50 ಹಾಕಿಸು ಅಂತ ಭಾವ ಹೇಳಿದ್ದಾರೆ. ಬೆಂಗಳೂರಿನಿಂದ ನಿಮ್ಮಣ್ಣ 5ಡಬ್ಲ್ಯೂ-30 ಫುಲ್ ಸಿಂಥೆಟಿಕ್ ಹಾಕಿಸು, ದುಡ್ಡಿನ ಮುಖ ನೋಡಬೇಡ ಅಂದಿದ್ದಾನೆ. ಇಬ್ಬರೂ ಗಾಡಿಯ ಮೇಲಿನ ಪ್ರೀತಿಗೇ ಹೇಳಿದ್ದು. ಆದರೆ ನನಗೆ ಎರಡೂ ಬೇಡ ಅನ್ನಿಸುತ್ತದೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಪುರುಸೊತ್ತಲ್ಲಿ ಓದು.

ಉತ್ತರ ಮೊದಲೇ ಹೇಳಿಬಿಡ್ತೀನಿ. 15ಡಬ್ಲ್ಯೂ-40. ಡೀಸೆಲ್ ಎಂಜಿನ್‌ಗೆ ಅಂತಲೇ ಮಾಡಿದ್ದು. ಕ್ಯಾನಿನ ಹಿಂದೆ ಎಪಿಐ ಸಿಐ-4 ಅಂತ ದರ್ಜೆ ಬರೆದಿರಬೇಕು. ಡ್ಯಾಶ್‌ಬೋರ್ಡ್ ಡಬ್ಬಿಯಲ್ಲಿ ಗಾಡಿಯ ಪುಸ್ತಕ ಇರುತ್ತದೆ, ಅಣ್ಣ ಅದನ್ನು ಕವರ್ ಹಾಕಿ ಇಟ್ಟಿದ್ದು ನನಗೆ ಗೊತ್ತು. ಎಷ್ಟು ಲೀಟರ್ ಹಿಡಿಯುತ್ತದೆ, ಯಾವ ಗ್ರೇಡ್ ನಡೆಯುತ್ತದೆ ಅನ್ನುವುದಕ್ಕೆ ಅದೇ ಕೊನೆಯ ಮಾತು. ನನ್ನದಲ್ಲ, ಭಾವನದೂ ಅಲ್ಲ.

ಈಗ ಭಾವನ ಮಾತಿಗೆ ಬರ್ತೀನಿ. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಎಂಜಿನ್ ಚೆನ್ನಾಗಿ ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಅನ್ನುವುದನ್ನು ಕೊನೆಯ ಸಂಖ್ಯೆ ಹೇಳುತ್ತದೆ. ಆ 40 ಮತ್ತು 50. ಇದನ್ನು ಅಳೆಯುವುದು 100 ಡಿಗ್ರಿ ಶಾಖದಲ್ಲಿ. ಎಂಜಿನ್ ಒಳಗಿನ ಬೇರಿಂಗಿಗೂ ಶಾಫ್ಟಿಗೂ ನಡುವೆ ಇರುವ ಸಂದಿ ಕೂದಲೆಳೆಯಷ್ಟೂ ಇಲ್ಲ. ಆ ಸಂದಿಗೆ ತಕ್ಕ ದಪ್ಪವನ್ನು ಕಂಪನಿಯವರು ಲೆಕ್ಕ ಹಾಕಿಯೇ ಹೇಳಿರುತ್ತಾರೆ. ಅದಕ್ಕಿಂತ ದಪ್ಪ ಹಾಕಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಮೇಲೆ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ತನಕ ಮುಟ್ಟುವುದು ತಡ. ಎಂಜಿನ್ ಜಾಸ್ತಿ ಸವೆಯುವುದೇ ಆ ಮೊದಲ ಕೆಲವು ಸೆಕೆಂಡಿನಲ್ಲಿ. ನಮ್ಮ ಕೊಡಗಿನಲ್ಲಿ ಡಿಸೆಂಬರ್ ಜನವರಿ ಬೆಳಗು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ದಪ್ಪ ಆಯಿಲ್ ಹಾಕಿದರೆ ಹೊಗೆ ಕಮ್ಮಿಯಾಗುತ್ತದೆ ಅನ್ನುವುದು ನಿಜ. ಆದರೆ ಪಿಸ್ಟನ್ ರಿಂಗ್ ಸವೆದದ್ದು ಸವೆದೇ ಇರುತ್ತದೆ. ವಾಲ್ವ್ ಸೀಲ್ ಗಟ್ಟಿಯಾಗಿ ಒಡೆದದ್ದು ಹಾಗೇ ಇರುತ್ತದೆ. ಕಾಣುವುದು ಮಾತ್ರ ತಪ್ಪುತ್ತದೆ. ಎಂಜಿನ್ ಬಿಚ್ಚಿ ರಿಪೇರಿ ಮಾಡಿಸುವುದು ಅಂತ ತೀರ್ಮಾನ ಆಗಿದೆ, ಕೊಯ್ಲು ಮುಗಿಯುವ ತನಕ ಹೇಗಾದರೂ ದಬ್ಬಬೇಕು ಅನ್ನುವ ಗಾಡಿಗೆ 20ಡಬ್ಲ್ಯೂ-50 ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಅಣ್ಣನ ಗಾಡಿ ಆ ಸ್ಥಿತಿಗೆ ಬಂದಿಲ್ಲ. ಕಳೆದ ಸಲ ಸಂಪಾಜೆ ಘಾಟಿ ಹತ್ತಿ ಬರುವಾಗ ನಾನು ಹಿಂದಿನ ಗಾಡಿಯಲ್ಲಿದ್ದೆ. ಆಯಿಲ್ ಉರಿದರೆ ಬರುವ ನೀಲಿ ಹೊಗೆ ಕಾಣಲಿಲ್ಲ. ಗೇರ್ ಬದಲಾಯಿಸುವಾಗ ಸ್ವಲ್ಪ ಕಪ್ಪು ಹೊಗೆ ಬಂತು, ಅದು ಏರ್ ಫಿಲ್ಟರ್ ಅಥವಾ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಕಡೆಯದು. ಆಯಿಲಿನದಲ್ಲ.

ಇನ್ನು ಸಿಂಥೆಟಿಕ್ ವಿಷಯ. ಸಿಂಥೆಟಿಕ್ ಕೆಟ್ಟದ್ದು ಅಂತ ಯಾರೂ ಹೇಳುವುದಿಲ್ಲ. ಚಳಿಯಲ್ಲಿ ಚೆನ್ನಾಗಿ ಹರಿಯುತ್ತದೆ, ಶಾಖಕ್ಕೆ ಬೇಗ ಕೆಡುವುದಿಲ್ಲ. ಆದರೆ 5ಡಬ್ಲ್ಯೂ ಬೇಕಾಗುವಷ್ಟು ಚಳಿ ನಮ್ಮಲ್ಲಿ ಎಲ್ಲಿದೆ? ಡಬ್ಲ್ಯೂಗೆ ಮೊದಲಿನ ಸಂಖ್ಯೆ ಚಳಿಯ ಲೆಕ್ಕ. 15ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡುವುದೇ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮಡಿಕೇರಿಯ ಚಳಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಜೊತೆಗೆ ಕೊನೆಯ 30 ನಮ್ಮ ಹಳೆ ಎಂಜಿನ್‌ಗೆ ಸ್ವಲ್ಪ ತೆಳುವಾಯಿತು. ಹಳೆಯ ಸೀಲುಗಳಲ್ಲಿ ಮೊದಲೇ ಸ್ವಲ್ಪ ಜಿನುಗು ಇದ್ದರೆ ತೆಳು ಆಯಿಲ್ ಇನ್ನೂ ಸಲೀಸಾಗಿ ಹೊರಗೆ ಬರುತ್ತದೆ. ನಿಮ್ಮಣ್ಣನ ಸ್ವಿಫ್ಟ್ ಡೀಸೆಲ್‌ಗೆ ಅವನು ಹೇಳಿದ್ದು ಸರಿ. ಅದರಲ್ಲಿ ಟರ್ಬೋ ಇದೆ, ಟೈಮಿಂಗ್ ಚೈನ್ ಓಡುವುದೂ ಅದೇ ಆಯಿಲಿನಲ್ಲಿ, ಅದಕ್ಕೆ ಆ ಜಾತಿಯ ಆಯಿಲೇ ಬೇಕು. ನಮ್ಮ ಕ್ವಾಲಿಸ್ 2,446 ಸಿಸಿಯ ಹಳೆ ಕಾಲದ ಎಂಜಿನ್. ಟರ್ಬೋ ಇಲ್ಲ. ಹೊಗೆ ಹಿಡಿಯುವ ಡಿಪಿಎಫ್ ಇಲ್ಲ. ಚೈನ್ ಇಲ್ಲ, ಬೆಲ್ಟ್. ಬೇರೆ ಗಾಡಿಗೆ ಬೇರೆ ಊಟ, ಅಷ್ಟೇ.

ಕ್ಯಾನಿನ ಮುಂದೆ ದೊಡ್ಡದಾಗಿ ಏನೇನೋ ಬರೆದಿರುತ್ತಾರೆ, ಅದನ್ನು ನೋಡಬೇಡ. ಹಿಂದೆ ತಿರುಗಿಸು. ಎಪಿಐ ಅಂತ ಇರುವ ಸಾಲಿನಲ್ಲಿ ಎಸ್ ಅಕ್ಷರದಿಂದ ಶುರುವಾದದ್ದು ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದಿಂದ ಶುರುವಾದದ್ದು ಡೀಸೆಲ್‌ಗೆ. ಬರೀ ಎಸ್ಎನ್ ಅಂತ ಇದ್ದರೆ ತರಬೇಡ. ಡೀಸೆಲ್ ಎಂಜಿನ್ ಮಸಿ ಜಾಸ್ತಿ ಮಾಡುತ್ತದೆ. ಆ ಮಸಿಯನ್ನು ಗಂಟುಕಟ್ಟದ ಹಾಗೆ ಹಿಡಿದಿಡುವ ಮದ್ದು ಸಿ ದರ್ಜೆಯ ಆಯಿಲಿನಲ್ಲಿ ಜಾಸ್ತಿ ಇರುತ್ತದೆ. ಸಿಎಫ್-4 ಬಂದದ್ದು 1990ರಲ್ಲಿ, ಸಿಎಚ್-4 ಬಂದದ್ದು 1998ರಲ್ಲಿ, ಸಿಐ-4 ಬಂದದ್ದು 2002ರಲ್ಲಿ. ಸಿಐ-4 ತನಗಿಂತ ಹಳೆಯ ಈ ಎರಡರ ಕೆಲಸವನ್ನೂ ಮಾಡುತ್ತದೆ. ಹಾಗಾಗಿ ಪುಸ್ತಕದಲ್ಲಿ ಸಿಎಫ್-4 ಅಂತ ಇದ್ದರೂ ಸಿಐ-4 ಧಾರಾಳವಾಗಿ ಹಾಕಬಹುದು. ಹೊಸ ಹೊಗೆ ನಿಯಮದ ಬಿಎಸ್-6 ಗಾಡಿಗೆ ಅಂತ ಮಾಡಿದ, ಬೂದಿ ಕಮ್ಮಿ ಇರುವ ದುಬಾರಿ ಆಯಿಲ್ ಡಿಪಿಎಫ್ ಇರುವವರಿಗೆ. ನಮಗೆ ಅದರ ಹಂಗಿಲ್ಲ.

ಕಂಪನಿ ಯಾವುದಾದರೂ ಆಗಲಿ. ಸರ್ವೋ, ಮ್ಯಾಕ್ ಪಂಪಿನಲ್ಲೇ ಸಿಗುತ್ತವೆ. ಕ್ಯಾಸ್ಟ್ರಾಲ್, ಗಲ್ಫ್ ಬೇಕಿದ್ದರೆ ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಬಿಲ್ ಕೊಡುವ ಅಂಗಡಿಯಲ್ಲಿ ತಗೋ. ಲೂಸ್ ಆಯಿಲ್ ಮಾತ್ರ ಬೇಡವೇ ಬೇಡ. ಮುಚ್ಚಳದ ಸೀಲ್ ನೋಡು, ತಯಾರಾದ ತಿಂಗಳು ನೋಡು. ಖಾಲಿ ಕ್ಯಾನಿಗೆ ಕತ್ತಿಯಿಂದ ಒಂದು ತೂತು ಮಾಡಿ ಬಿಸಾಡು. ಇಲ್ಲದಿದ್ದರೆ ಅದೇ ಕ್ಯಾನ್‌ಗೆ ಕಳಪೆ ಆಯಿಲ್ ತುಂಬಿ ಮಾರುವವರಿದ್ದಾರೆ.

ಈಗ ನಾನು ನಿಜವಾಗಿ ಹೇಳಬೇಕು ಅಂತಿದ್ದದ್ದು. ಗ್ರೇಡಿನ ಬಗ್ಗೆ ಗ್ರೂಪಿನಲ್ಲಿ ಇಷ್ಟು ಮಾತಾಯಿತು. ಆದರೆ ಯಾವಾಗ ಬದಲಾಯಿಸೋದು ಅಂತ ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಗಾಡಿ ಹಾಳಾಗುವುದು ಅಲ್ಲೇ. ಮೀಟರಿನಲ್ಲಿ 5,000 ಕಿಲೋಮೀಟರ್ ಆಗಲಿ ಅಂತ ಕಾಯುತ್ತಾರೆ. ತೋಟದಿಂದ ನಾಪೋಕ್ಲು ಪೇಟೆಗೆ ಹೋಗಿ ಬರುವುದು, ಮಕ್ಕಳನ್ನು ಸ್ಕೂಲ್ ಬಸ್ಸಿಗೆ ಬಿಡುವುದು, ಕೆಲಸದವರ ಲೈನ್‌ಮನೆ ತನಕ ಒಂದು ಸುತ್ತು. ಎಂಜಿನ್ ಪೂರ್ತಿ ಬಿಸಿ ಆಗುವ ಮೊದಲೇ ಆಫ್ ಆಗಿರುತ್ತದೆ. ಹೀಗೆ ಓಡಿದರೆ ವರ್ಷ ಕಳೆದರೂ 5,000 ಆಗುವುದಿಲ್ಲ. ಆದರೆ ಆಯಿಲ್ ಕೆಟ್ಟಿರುತ್ತದೆ. ಪೂರ್ತಿ ಉರಿಯದ ಡೀಸೆಲ್, ನೀರಿನ ಪಸೆ, ಮಸಿ, ಎಲ್ಲಾ ಅದರೊಳಗೇ ಕೂತಿರುತ್ತವೆ. ಹೆದ್ದಾರಿಯಲ್ಲಿ ಒಂದೇ ಸಮ ಓಡಿದ ಗಾಡಿಯ ಆಯಿಲ್ ಇದಕ್ಕಿಂತ ಎಷ್ಟೋ ವಾಸಿ. ಹಾಗಾಗಿ ಮೀಟರ್ ಬಿಡು, ಕ್ಯಾಲೆಂಡರ್ ನೋಡು. ಆರು ತಿಂಗಳಿಗೊಮ್ಮೆ ಅಂತ ಇಟ್ಟುಕೋ. ಮಳೆಗಾಲ ಮುಗಿದ ಮೇಲೆ, ಕಾಫಿ ಕೊಯ್ಲು ಶುರುವಾಗುವ ಮೊದಲು ಒಂದು ಸಲ. ಆಮೇಲೆ ಮೇ ತಿಂಗಳಲ್ಲಿ ಒಂದು ಸಲ.

ಮಳೆಗಾಲದ ಮಾತು ಬಂತಲ್ಲ, ಇನ್ನೊಂದು ಹೇಳ್ತೀನಿ. ಜುಲೈ ಆಗಸ್ಟಿನಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅದರ ಅಡಿ ನೋಡು. ಹಾಲು ಹಾಕಿದ ಕಾಫಿಯ ಹಾಗೆ ಮಾಸಲು ನೊರೆ ಅಂಟಿಕೊಂಡಿರಬಹುದು. ನೋಡಿದ ತಕ್ಷಣ, ರೇಡಿಯೇಟರ್ ನೀರು ಆಯಿಲಿಗೆ ಸೇರದ ಹಾಗೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಎದೆ ಧಸಕ್ ಅನ್ನುತ್ತದೆ. ಗಡಿಬಿಡಿ ಬೇಡ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡು. ಅದರ ಮೇಲಿನ ಆಯಿಲ್ ಮಾಮೂಲಿ ಕಪ್ಪಾಗಿದ್ದು, ರೇಡಿಯೇಟರ್ ನೀರು ಇಳಿಯದೆ ಇದ್ದರೆ ಅದು ಬರೀ ಪಸೆ. ವಾರಕ್ಕೊಮ್ಮೆ ಮಡಿಕೇರಿ ತನಕ ಓಡಿಸು, ಎಂಜಿನ್ ಕಾಯ್ದರೆ ಆ ಪಸೆ ಆವಿಯಾಗಿ ಹೋಗುತ್ತದೆ. ಆದರೆ ಡಿಪ್‌ಸ್ಟಿಕ್ ಮೇಲೂ ಅದೇ ಬಣ್ಣ ಇದ್ದು, ನೀರೂ ಕಮ್ಮಿಯಾಗುತ್ತಿದ್ದರೆ ಗಾಡಿ ಸ್ಟಾರ್ಟ್ ಮಾಡಲೇಬೇಡ. ಮೆಕ್ಯಾನಿಕ್‌ನನ್ನು ಮನೆಗೇ ಕರೆಸು.

ಡಿಪ್‌ಸ್ಟಿಕ್ ನೋಡುವುದಕ್ಕೂ ನಮ್ಮ ಊರಲ್ಲಿ ಜಾಗ ಹುಡುಕಬೇಕು. ಶೆಡ್ ಮುಂದಿನ ಇಳಿಜಾರಿನಲ್ಲಿ ನೋಡಿದರೆ ಲೆಕ್ಕ ಸುಳ್ಳಾಗುತ್ತದೆ. ಗಾಡಿಯನ್ನು ಕಣಕ್ಕೆ ತಾ. ಕಾಫಿ ಹರವುವ ಕಣ ಮಟ್ಟಸ ಇರುತ್ತದೆ. ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡು, ಮೇಲಿನ ಆಯಿಲ್ ಕೆಳಗಿನ ಚೇಂಬರಿಗೆ ಇಳಿಯಲಿ. ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ ಮತ್ತೆ ಎಳೆ. ಎರಡು ಗುರುತಿನ ನಡುವೆ, ಮೇಲಿನ ಗುರುತಿಗೆ ಹತ್ತಿರ ಇದ್ದರೆ ಚೆನ್ನ. ಬಣ್ಣ ಕಪ್ಪಗಿದೆ ಅಂತ ಹೆದರಬೇಡ. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಸ್ವಲ್ಪ ಓಡುವುದರೊಳಗೆ ಕಪ್ಪಾಗುತ್ತದೆ. ಮಸಿಯನ್ನು ತನ್ನೊಳಗೆ ಹಿಡಿದಿಟ್ಟಿದೆ, ಅಂದರೆ ತನ್ನ ಕೆಲಸ ಮಾಡುತ್ತಿದೆ ಅಂತ ಅರ್ಥ. ಒಂದು ತೊಟ್ಟು ಬೆರಳಿನಲ್ಲಿ ಉಜ್ಜಿ ನೋಡು, ಮೂಸಿ ನೋಡು. ನೀರಿನ ಹಾಗೆ ತೆಳುವಾಗಿ ಡೀಸೆಲ್ ವಾಸನೆ ಬಂದರೆ, ಅಥವಾ ಹಾಕದೆಯೇ ಮಟ್ಟ ಮೇಲೇರಿದ್ದರೆ, ಇಂಜೆಕ್ಟರ್ ಸೋರಿ ಡೀಸೆಲ್ ಕೆಳಗೆ ಇಳಿದಿರಬಹುದು. ಅದನ್ನು ಮೊದಲು ಸರಿ ಮಾಡಿಸಬೇಕು. ಇಲ್ಲದಿದ್ದರೆ ಹೊಸ ಆಯಿಲ್ ಹಾಕಿಯೂ ದಂಡ.

ಇರಲಿ ಅಂತ ಅರ್ಧ ಲೀಟರ್ ಜಾಸ್ತಿ ಹಾಕಿಸುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಹಾಗೆ ಮಾಡಬೇಡ. ಮಟ್ಟ ಮೀರಿದರೆ ಕೆಳಗೆ ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ತೀರಾ ಜಾಸ್ತಿಯಾದರೆ ಎಂಜಿನ್ ಒಳಗಿನ ಆವಿ ಹೋಗುವ ಬ್ರೀದರ್ ಪೈಪಿನಿಂದ ಗಾಳಿಯ ದಾರಿಗೆ ನುಗ್ಗುತ್ತದೆ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಕೀ ತೆಗೆದರೂ ನಿಲ್ಲದೆ ಏರುತ್ತಲೇ ಹೋಗಬಹುದು. ಇದು ಹೆದರಿಸಲಿಕ್ಕೆ ಹೇಳಿದ ಮಾತಲ್ಲ.

ಬದಲಾಯಿಸುವ ದಿನ ನೀನೂ ಜೊತೆಗೆ ನಿಂತುಕೋ. ಸ್ವಲ್ಪ ಓಡಿಸಿ ಬಿಸಿ ಇರುವಾಗಲೇ ಇಳಿಸಬೇಕು, ಆಗ ಮಸಿ ಜೊತೆಗೇ ಬರುತ್ತದೆ. ಫಿಲ್ಟರ್ ಪ್ರತಿ ಸಲ ಹೊಸದು. ಹಳೆ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್‌ಗೆ ಅಂಟಿಕೊಂಡು ಉಳಿದಿಲ್ಲ ಅಂತ ಕಣ್ಣಾರೆ ನೋಡು. ಎರಡು ರಿಂಗ್ ಆದರೆ ದಾರಿಯಲ್ಲಿ ಪೂರ್ತಿ ಆಯಿಲ್ ಸೋರಿಬಿಡುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿಸು. ಸ್ಟಾರ್ಟ್ ಮಾಡಿ ಆಯಿಲ್ ಲೈಟ್ ಆರುವ ತನಕ ಆಕ್ಸಿಲರೇಟರ್ ಮುಟ್ಟಬೇಡ. ಎಂಜಿನ್ನಿನ ಮುಂಭಾಗದಲ್ಲಿ ಎಲ್ಲಾದರೂ ಜಿನುಗು ಇದೆಯಾ ಅಂತಲೂ ಕೇಳು. ಅಲ್ಲಿನ ಸೀಲ್ ಸೋರಿ ಟೈಮಿಂಗ್ ಬೆಲ್ಟಿಗೆ ಆಯಿಲ್ ತಾಗಿದರೆ ಬೆಲ್ಟ್ ಬೇಗ ಹಾಳಾಗುತ್ತದೆ. ಅಣ್ಣ ಬೆಲ್ಟ್ ಯಾವಾಗ ಹಾಕಿಸಿದ್ದು ಅಂತ ಅವನ ಡೈರಿಯಲ್ಲಿ ನೋಡು. ಬರೆದಿರದಿದ್ದರೆ ಈ ಸಲವೇ ಬದಲಾಯಿಸಿಬಿಡು.

ಕೊನೆಗೆ ವೇಸ್ಟ್ ಆಯಿಲ್. ಬೇಲಿ ಗೂಟಕ್ಕೆ ಗೆದ್ದಲು ಹತ್ತದ ಹಾಗೆ ಬಳಿಯೋಣ ಅಂತ ತೋಟದ ಕೆಲಸ, ಲೆಕ್ಕ ನೋಡುವ ರೈಟರ್ ಕೇಳುತ್ತಾರೆ. ಕೊಡಬೇಡ. ನಮ್ಮ ಮಳೆಗೆ ಅದು ಗೂಟದ ಮೇಲೆ ನಿಲ್ಲುವುದಿಲ್ಲ. ತೊಳೆದು ತೋಡಿಗೆ ಹೋಗುತ್ತದೆ, ಅಲ್ಲಿಂದ ಕಾವೇರಿಗೆ. ಅದರಲ್ಲಿ ಸವೆದ ಲೋಹದ ಪುಡಿ, ಮಸಿ, ವಿಷ ಎಲ್ಲಾ ಇರುತ್ತದೆ. ಗ್ಯಾರೇಜಿನಲ್ಲಿ ಡ್ರಮ್ಮಿಗೆ ಹಾಕಿಸು, ಅವರು ರೀಸೈಕಲ್ ಮಾಡುವವರಿಗೆ ಕೊಡುತ್ತಾರೆ. ಮನೆಯಲ್ಲೇ ಇಳಿಸಿದರೆ ಕ್ಯಾನಿಗೆ ತುಂಬಿಸಿ ಅಲ್ಲಿಗೇ ತಲುಪಿಸು. ಹಾಗೆ ತುಂಬಿಸುವ ಕ್ಯಾನಿಗೆ ಮಾತ್ರ ತೂತು ಮಾಡಬೇಡ.

ಭಾನುವಾರ ಬೆಳಿಗ್ಗೆ ಡಿಪ್‌ಸ್ಟಿಕ್, ಮುಚ್ಚಳದ ಅಡಿ, ರೇಡಿಯೇಟರ್ ನೀರು, ಮೂರರದ್ದೂ ಫೋಟೋ ತೆಗೆದು ನನಗೆ ಕಳಿಸು. ನೋಡಿ ಫೋನ್ ಮಾಡ್ತೀನಿ. ಆಮೇಲೆ ಆಯಿಲ್ ತರೋಣ.