ಸಾಲ್ಮನ್ ‘ರನ್’: ‘ಹತ್ತುಮೀನು’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಲಾಸ್ಕದ ಹೋಮರ್ ಎಂಬ ಕಡಲೂರಿನ ಮೀನುಗಾರಿಕೆಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಆಗಸ್ಟ್ ಕಳೆದು ಸೆಪ್ಟೆಂಬರ್ ಹಿಡಿದ ಮೇಲೆ ಅಲ್ಲಿ ಸಾಲ್ಮನ್, ಹ್ಯಾಲಿಬಟ್ ಹೇಗೆ ಸಿಗುತ್ತವೆ ಅನ್ನುವುದು ಅದರ ವಿಷಯ. ಕೆಲವು ಪದಗಳಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲನೆಯದು ‘ರನ್’. ಸಾಲ್ಮನ್ ಮೊಟ್ಟೆಯಿಡಲು ಕಡಲು ಬಿಟ್ಟು ಹೊಳೆ ಹತ್ತುತ್ತದಲ್ಲ, ಆ ದಂಡಿಗೆ ಅವರು ಹೇಳುವ ಮಾತು ಇದು. ‘ಓಟ’ ಎಂದು ಬರೆದರೆ ಮೀನಿಗೆ ಕಾಲು ಬಂದ ಹಾಗಾಗುತ್ತದೆ. ‘ವಲಸೆ’ ಎಂದರೆ ಅರ್ಥವೇನೋ ಆಗುತ್ತದೆ, ಆದರೆ ನೀರಿಗೆ ಎದುರಾಗಿ ಏರುವ ಆ ಹಟ ಕಾಣುವುದಿಲ್ಲ. ನಾನು ತೀರ್ಥಹಳ್ಳಿ ಕಡೆಯವಳು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನು ಏರುವುದನ್ನು ನಮ್ಮಲ್ಲಿ ‘ಹತ್ತುಮೀನು’ ಅನ್ನುತ್ತೇವೆ. ಬಾಯಲ್ಲಿ ಅದು ‘ಹತ್ಮೀನು’. ಮೊಟ್ಟೆಗಾಗಿಯೇ ಏರುವುದು, ಎದುರು ನೀರಿಗೇ ಏರುವುದು. ಇಷ್ಟು ಹೊಂದುವ ಪದ ಮನೆಯಲ್ಲೇ ಇರುವಾಗ ಬಿಡಲು ಮನಸ್ಸಿಲ್ಲ.

ತೊಡಕೂ ಇದೆ. ನಮ್ಮ ಹತ್ಮೀನು ಸಿಹಿನೀರಿನದು, ಸಾಲ್ಮನ್ ಕಡಲಿನಿಂದ ಬರುವುದು. ಪೆಸಿಫಿಕ್ ಸಾಲ್ಮನ್‌ಗಳು ಮೊಟ್ಟೆಯಿಟ್ಟ ಮೇಲೆ ಸತ್ತೇ ಹೋಗುತ್ತವೆ. ನಮ್ಮವು, ಗದ್ದೆಯಲ್ಲಿ ಯಾರ ಕೈಗೂ ಸಿಗದಿದ್ದರೆ, ನೀರಿಳಿಯುವಾಗ ವಾಪಸಾಗುತ್ತವೆ. ಇನ್ನೊಂದು, ನಮ್ಮದು ಮಳೆಗಾಲದ ಬಾಗಿಲಲ್ಲಿ. ಅಲ್ಲಿ ಹಂಗಾಮಿನ ಕೊನೆಗೆ ಏರುವುದು ಕೋಹೋ ಜಾತಿ. ಹೊಳೆ ಹೊಕ್ಕ ಮೇಲೆ ಅದು ತಿನ್ನುವುದನ್ನು ಬಿಡುತ್ತದೆ, ಬೆಳ್ಳಿ ಬಣ್ಣ ಹೋಗಿ ಮೈ ಕೆಂಪಡರುತ್ತದೆ, ಗಂಡಿನ ಮೂತಿ ಕೊಕ್ಕೆಯಾಗುತ್ತದೆ. ಇಷ್ಟೆಲ್ಲ ಇದ್ದರೂ ‘ಕೋಹೋ ಹತ್ತುವ ಕಾಲ’ ಎಂದು ಬರೆದರೆ ಮಲೆನಾಡಿನಾಚೆಯವರಿಗೆ ತಿಳಿದೀತೇ? ಬಯಲುಸೀಮೆಯವರು ಹೇಳಬೇಕು.

‘ಸಾಲ್ಮನ್’ ಅನ್ನು ಹಾಗೇ ಉಳಿಸುತ್ತೇನೆ. ಮುಂಬೈ ಮಾರುಕಟ್ಟೆಯಲ್ಲಿ ರಾವಸ್ ಮೀನನ್ನು ‘ಇಂಡಿಯನ್ ಸಾಲ್ಮನ್’ ಎಂದು ಮಾರುತ್ತಾರೆ, ಆದರೆ ಅದರ ಕುಲವೇ ಬೇರೆ.

ಹ್ಯಾಲಿಬಟ್ ಮಾತ್ರ ತಲೆ ತಿನ್ನುತ್ತಿದೆ. ಚಿತ್ರ ತೋರಿಸಿದ್ದಕ್ಕೆ ಕುಂದಾಪುರದ ನಮ್ಮ ಅತ್ತಿಗೆ, ‘ಅದ್ ನಂಗೇ ಅಲ್ದಾ ಮಾರಾಯ್ತಿ?’ ಅಂದರು. ತಪ್ಪೇನಿಲ್ಲ. ನಮ್ಮ ಕರಾವಳಿಯ ನಂಗು ಮೀನಿನ ಹಾಗೆಯೇ ಚಪ್ಪಟೆ, ಎರಡು ಕಣ್ಣೂ ಒಂದೇ ಮಗ್ಗುಲಿಗೆ. ಆದರೆ ನಮ್ಮ ನಂಗು ಬಾಣಲೆಗೆ ನಾಲ್ಕು ಹಿಡಿಯುತ್ತದೆ; ಪೆಸಿಫಿಕ್ ಹ್ಯಾಲಿಬಟ್ 200 ಕಿಲೋ ದಾಟುವುದೂ ಉಂಟು. ನಂಗಿನ ಕಣ್ಣು ಎಡಗಡೆ, ಹ್ಯಾಲಿಬಟ್‌ನದು ಸಾಮಾನ್ಯವಾಗಿ ಬಲಗಡೆ. ಹೆಸರಿನ ಮೂಲ ಹುಡುಕಿದರೆ ‘ಹಬ್ಬದ ದಿನ ತಿನ್ನುವ ಚಪ್ಪಟೆ ಮೀನು’ ಎಂಬ ಅರ್ಥ ಸಿಗುತ್ತದೆ. ‘ಹೆನ್ನಂಗು’ ಎಂದು ಹೆಮ್ಮರದ ಜಾಡಿನಲ್ಲಿ ಕಟ್ಟಿ ನೋಡಿದೆ. ನಗು ಬಂತು, ಕೈಬಿಟ್ಟೆ. ‘ಹ್ಯಾಲಿಬಟ್ ಎಂಬ ದೈತ್ಯ ನಂಗು’ ಎಂದು ಒಮ್ಮೆ ಹೇಳಿ ಮುಂದೆ ಹ್ಯಾಲಿಬಟ್ ಎಂದೇ ಬರೆದರೆ ಹೇಗೆ?

ನಿಜವಾಗಿ ನೆರವು ಬೇಕಿರುವುದು ‘ಸ್ಲ್ಯಾಕ್’ ಎಂಬುದಕ್ಕೆ. ಭರತ ಮುಗಿದು ಇಳಿತ ಶುರುವಾಗುವ ಮೊದಲು, ಅಥವಾ ಇಳಿತ ಮುಗಿದು ಭರತ ಏರುವ ಮೊದಲು, ಸೆಳೆತವೇ ಇಲ್ಲದ ಸ್ವಲ್ಪ ಹೊತ್ತು. ನಮ್ಮ ಕರಾವಳಿಯಲ್ಲಿ ಏರಿಳಿತ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಹೋಮರ್ ಇರುವ ಕಾಚೆಮಾಕ್ ಕೊಲ್ಲಿಯಲ್ಲಿ ಅದು 6 ಮೀಟರ್ ದಾಟುವ ದಿನಗಳಿವೆ. ಅಂಥ ಸೆಳೆತದಲ್ಲಿ ಕಿಲೋ ತೂಕದ ಸೀಸ ಕಟ್ಟಿದರೂ ಗಾಳ ತಳದಲ್ಲಿ ನಿಲ್ಲುವುದಿಲ್ಲ, ಹ್ಯಾಲಿಬಟ್ ಇರುವುದೋ ತಳದಲ್ಲೇ. ಹಾಗಾಗಿ ಅವರು ಅಷ್ಟಮಿಯ ಆಚೀಚಿನ ಸಣ್ಣ ಏರಿಳಿತದ ದಿನಗಳನ್ನು ನೋಡಿ, ಈ ಹೊತ್ತಿಗೇ ಕಾದು ಗಾಳ ಬಿಡುತ್ತಾರೆ. ಸೆಪ್ಟೆಂಬರಿನಲ್ಲಿ ಗಾಳಿಯೂ ಏಳುವುದರಿಂದ ಕೈಗೆ ಸಿಗುವ ಹೊತ್ತು ಇನ್ನೂ ಕಡಿಮೆ. ಚಳಿಗಾಲಕ್ಕೆ ಮೀನೂ ಆಳಕ್ಕೆ ಸರಿಯುತ್ತದೆ.

ಕಾರವಾರ, ಹೊನ್ನಾವರ, ಮಲ್ಪೆ ಕಡೆ ದೋಣಿಯವರ ಬಾಯಲ್ಲಿ ಇದಕ್ಕೆ ಏನನ್ನುತ್ತಾರೆ? ಕೊಂಕಣಿ, ತುಳು ಪದವಾದರೂ ಸರಿ. ಸದ್ಯಕ್ಕೆ ‘ನೀರು ತಡೆದ ಹೊತ್ತು’ ಎಂದು ಬರೆದಿಟ್ಟಿದ್ದೇನೆ. ‘ನಿಂತ ನೀರು’ ಮಾತ್ರ ಬೇಡ, ಅದಕ್ಕೆ ಪಾಚಿಯ ವಾಸನೆ.