ನಾಲ್ಕು ಜನಕ್ಕೆ 30 ಗ್ರಾಂ ಬಿಳಿ ಟ್ರಫಲ್ ಸಾಕಾ? ಅಕ್ಕಿಯಲ್ಲಿ ಇಡಬಹುದಾ?

ರಿಸೊಟ್ಟೊ_ಪ್ರಿಯ:
ನವೆಂಬರ್ ಮಧ್ಯದ ಒಂದು ಶನಿವಾರ ರಾತ್ರಿ ನಾಲ್ಕು ಜನರ ಊಟಕ್ಕೆ ತಾಜಾ ಬಿಳಿ ಟ್ರಫಲ್ (ನೆಲದಡಿ ಬೆಳೆಯುವ, ತುಂಬಾ ಪರಿಮಳದ ಶಿಲೀಂಧ್ರ) ತರಿಸುವ ಯೋಚನೆ ಇದೆ. 30 ಗ್ರಾಂ ಸಾಕಾಗುತ್ತಾ? ಎಷ್ಟು ದಿನ ಮುಂಚೆ ತರಿಸಬೇಕು? ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಕೆಡಲ್ಲ ಅಂತ ಎಲ್ಲ ಕಡೆ ಬರೆದಿದ್ದಾರೆ, ನಿಜವಾ? ಮಾಡೋದು ರಿಸೊಟ್ಟೊ, ಅಂದರೆ ಇಟಲಿಯ ಮೆತ್ತನೆಯ ಬೆಣ್ಣೆ-ಚೀಸ್ ಅನ್ನ. ಟ್ರಫಲನ್ನು ಅನ್ನ ಬೇಯುವಾಗಲೇ ಹಾಕಬೇಕಾ, ಕೊನೆಗಾ? ಹೊಂದಿಕೆ ಆಗದಿದ್ದರೆ ಟ್ರಫಲ್ ಎಣ್ಣೆಯಲ್ಲಿ ಸುಧಾರಿಸಬಹುದಾ?

ತೂಕದಕಲ್ಲು:
ಬಡಿಸುವಾಗ ತಲೆಗೆ 8ರಿಂದ 10 ಗ್ರಾಂ ಅನ್ನೋದು ಧಾರಾಳದ ಲೆಕ್ಕ. 6 ಗ್ರಾಂಗಿಂತ ಕೆಳಗಿಳಿದರೆ ತಟ್ಟೆಯಲ್ಲಿ ಕಾಣುತ್ತೆ, ಮೂಗಿಗೆ ಸಿಗಲ್ಲ. ಮಣ್ಣು ಉಜ್ಜಿದ ಮೇಲೆ ಒಂದಷ್ಟು ತೂಕ ಹೋಗುತ್ತೆ, ಫ್ರಿಜ್‌ನಲ್ಲೂ ದಿನದಿನಕ್ಕೆ ತೇವ ಆರಿ ಇಳಿಯುತ್ತೆ. ಹಾಗಾಗಿ 30 ಬೇಡ, 35ರಿಂದ 40 ಗ್ರಾಂ ಹೇಳಿ. ದುಡ್ಡು ಹೊಂದದಿದ್ದರೆ ಎರಡು ಬಗೆ ಮಾಡದೆ ಒಂದೇ ಬಗೆಗೆ ಪೂರ್ತಿ ಸುರಿಯಿರಿ.

ಬೆಲೆ ಕಿಲೋಗೆ ಕೆಲವು ಸಾವಿರ ಯೂರೋ. ಬೇಸಿಗೆ ಒಣಗಿದ ವರ್ಷ ಇನ್ನೂ ಏರುತ್ತೆ. ಒಂದು ಗುಟ್ಟು ಏನಂದರೆ ಗಾತ್ರ ಹೆಚ್ಚಿದಷ್ಟೂ ಗ್ರಾಂ ಲೆಕ್ಕದ ದರವೂ ಹೆಚ್ಚು, ಅದು ನೋಟಕ್ಕೆ ಕೊಡುವ ಬೆಲೆ. ಅಗೆಯುವಾಗ ಮುರಿದ ತುಂಡಿಗೂ ಅದೇ ಪರಿಮಳ, ಆದರೆ ಅಗ್ಗ. ಮನೆಯೂಟಕ್ಕೆ ಅಂಥದ್ದೇ ತಗೊಳ್ಳಿ, ಮುರಿದ ಜಾಗ ಹೊಸದಾಗಿರಬೇಕು ಅಷ್ಟೇ.

ಕೊಳ್ಳುವಾಗ 'ಟ್ಯೂಬರ್ ಮ್ಯಾಗ್ನಾಟಮ್' ಅನ್ನೋ ಲ್ಯಾಟಿನ್ ಹೆಸರು ಬರಹದಲ್ಲಿ ಇರಲಿ. ಬಿಯಾಂಕೆಟ್ಟೊ ಅಂತ ಇನ್ನೊಂದಿದೆ, 'ಟ್ಯೂಬರ್ ಬೋರ್ಕಿ'. ಮೇಲ್ನೋಟಕ್ಕೆ ತಮ್ಮನ ಹಾಗಿದೆ, ಬೆಳ್ಳುಳ್ಳಿ ವಾಸನೆ ಒರಟು, ಬೆಲೆ ತೀರಾ ಕಡಿಮೆ, ಕಾಲ ಜನವರಿಯಿಂದ ಏಪ್ರಿಲ್. ಬಿಳಿ ಟ್ರಫಲ್‌ನ ಕಾಲ ಸೆಪ್ಟೆಂಬರ್ ಕೊನೆಯಿಂದ ಜನವರಿ, ಪರಿಮಳ ಗಟ್ಟಿಯಾಗೋದು ನವೆಂಬರ್ ಹೊತ್ತಿಗೆ. ಅಂದರೆ ನಿಮ್ಮ ದಿನ ಸರಿಯಾಗಿದೆ. ಬಿಳಿ ಟ್ರಫಲ್‌ಗೆ ಹೆಸರಾದ ಇಟಲಿಯ ಊರು ಆಲ್ಬಾ, ಆ ಹೆಸರಿಗಷ್ಟೇ ಹೆಚ್ಚು ಕೊಡಬೇಡಿ. ಇಟಲಿಯದೇ ಆದ ಅಕ್ವಾಲಾನ್ಯಾ, ಸಾನ್ ಮಿನಿಯಾಟೊ, ಕ್ರೊಯೇಷಿಯಾದ ಇಸ್ಟ್ರಿಯಾದಲ್ಲೂ ಸಿಗೋದು ಇದೇ ಜಾತಿ.

ಕೈಗೆ ಬಂದಾಗ ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದು ಒಂದಿಷ್ಟು ಪುಟಿಯಬೇಕು. ಸ್ಪಂಜಿನ ಹಾಗೆ ಕುಸಿದರೆ ಹಳೆಯದು. ಕಲ್ಲಿನಂತಿದ್ದು ವಾಸನೆಯೇ ಇಲ್ಲದಿದ್ದರೆ ಎಳೆಯದು, ಅಗೆದ ಮೇಲೆ ಇದು ಮಾವಿನ ಹಾಗೆ ಹಣ್ಣಾಗಲ್ಲ. ಬೆಳ್ಳುಳ್ಳಿ, ಜೇನು, ಒಣಹುಲ್ಲು, ಹಳೆ ಚೀಸ್ ಎಲ್ಲ ಸೇರಿದ ವಾಸನೆ ಬರಬೇಕು. ಅಮೋನಿಯದ ಘಾಟು ಬಂದರೆ ವಾಪಸ್. ಸಂದುಗೊಂದುಗಳಲ್ಲಿ ಜೇಡಿ ಮೆತ್ತಿದ್ದರೆ ಚಾಕು ಮೊನೆಯಿಂದ ಕೆದಕಿ ನೋಡಿ: ಮಣ್ಣಿಗೂ ಅದೇ ದರ ಕೊಟ್ಟಿರುತ್ತೀರಿ, ಹುಳುತೂತೂ ಅದರಡಿ ಅಡಗಿರುತ್ತೆ.

ತಂಪುಪೆಟ್ಟಿಗೆ:
ಶೇಖರಣೆ ಬಗ್ಗೆ. ಅಕ್ಕಿ ಬೇಡವೇ ಬೇಡ. ಒಣ ಅಕ್ಕಿ ಟ್ರಫಲ್‌ನ ತೇವ ಹೀರುತ್ತೆ, ಅದರ ಜೊತೆ ಪರಿಮಳವೂ ಹೋಗುತ್ತೆ. ಆ ಅಕ್ಕಿಯಲ್ಲಿ ರಿಸೊಟ್ಟೊ ಮಾಡಿದರಾಯ್ತು ಅಂತಾರೆ, ಕುದಿಸುವಾಗ ಅದೂ ಹಬೆಯಲ್ಲಿ ಹಾರುತ್ತೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಸರಿಯಾದ ಕ್ರಮ ಇದು. ತೊಳೆಯದೆ, ಮಣ್ಣು ಇದ್ದಂತೆಯೇ, ಒಂದೊಂದನ್ನೂ ಪೇಪರ್ ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ, ಗಾಜಿನ ಜಾಡಿಯಲ್ಲಿ ಹಾಕಿ ಮುಚ್ಚಿ, 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ದಿನಕ್ಕೊಮ್ಮೆ ಕಾಗದ ಬದಲಿಸಿ. ಅದು ಒದ್ದೆಯಾಗೇ ಇರುತ್ತೆ, ಹಾಗೆ ಬಿಟ್ಟರೆ ಎರಡೇ ದಿನದಲ್ಲಿ ಮೇಲ್ಮೈ ಅಂಟಂಟಾಗಿ ಬೂಷ್ಟು ಕೂರುತ್ತೆ. ಆ ಒಂದು ನಿಮಿಷ ಜಾಡಿಗೆ ಗಾಳಿಯೂ ಆಡುತ್ತೆ. ವ್ಯಾಕ್ಯೂಮ್ ಪ್ಯಾಕ್ ಮಾಡಬೇಡಿ, ಎಣ್ಣೆಯಲ್ಲಿ ಮುಳುಗಿಸಿ ಇಡಬೇಡಿ. ಮಣ್ಣಿನಿಂದ ಬಂದ ಪದಾರ್ಥವನ್ನು ಗಾಳಿ ಇಲ್ಲದ ಎಣ್ಣೆಯಲ್ಲಿ ಇಟ್ಟರೆ ಬೊಟುಲಿಸಂ ಅನ್ನೋ ಮಾರಕ ಆಹಾರವಿಷದ ಅಪಾಯ ಇದೆ, ಇದು ತಮಾಷೆಯಲ್ಲ.

ಚೆನ್ನಾಗಿಟ್ಟರೆ ಐದಾರು ದಿನ ತಡೆಯುತ್ತೆ, ಆದರೆ ಆರನೇ ದಿನದ ಟ್ರಫಲ್ ಮೊದಲ ದಿನದ್ದಲ್ಲ. ಶನಿವಾರದ ಊಟಕ್ಕೆ ಗುರುವಾರ ಕೈಸೇರಲಿ. ತಡವಾದರೂ ಒಂದು ದಿನ ಉಳಿದಿರುತ್ತೆ. ಅದೇ ಜಾಡಿಯಲ್ಲಿ ಚಿಪ್ಪು ಒಡೆಯದ ಎರಡು ಮೊಟ್ಟೆ ಇಡಿ. ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಪರಿಮಳ ಒಳಗಿಳಿದು ಹಳದಿಯ ಕೊಬ್ಬಿನಲ್ಲಿ ಕೂರುತ್ತೆ. ಭಾನುವಾರ ಬೆಳಗ್ಗೆ ಬೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ತಿನ್ನಿ.

ರಿಸೊಟ್ಟೊ_ಪ್ರಿಯ:
ಕುದಿಸಿದರೆ ಪರಿಮಳ ಹಾರುತ್ತೆ ಅಂದಿರಿ. ಕರಿ ಟ್ರಫಲನ್ನು ಸಾಸ್‌ಗೆ ಹಾಕಿ ಬಿಸಿ ಮಾಡ್ತಾರಲ್ಲ, ಬಿಳಿಯದಕ್ಕೆ ಮಾತ್ರ ಬಿಸಿ ಯಾಕೆ ಬೇಡ?

ಸಣ್ಣಉರಿ:
ಕರಿ ಟ್ರಫಲ್‌ಗೆ ಹದವಾದ ಬಿಸಿ ಒಗ್ಗುತ್ತೆ. ಬಿಳಿಯದರ ಮುಖ್ಯ ವಾಸನೆ ಗಂಧಕ ಇರುವ ತೀರಾ ಹಗುರ ಅಣುಗಳದ್ದು, ಬಾಣಲೆಗೆ ಬಿದ್ದರೆ ಅಡುಗೆಮನೆ ಘಮ್ಮೆನ್ನುತ್ತೆ, ತಟ್ಟೆ ಖಾಲಿ. ಬಿಸಿ ತಟ್ಟೆಯಿಂದ ಏಳುವ ಹಬೆಯಷ್ಟೇ ಸಾಕು.

ರಿಸೊಟ್ಟೊ ಹೀಗೆ: ತಲೆಗೆ 70 ಗ್ರಾಂ ಕಾರ್ನಾರೋಲಿ ಅಕ್ಕಿ, ಉಪ್ಪು ಕಡಿಮೆಯ ತೆಳು ಸಾರು (ಸ್ಟಾಕ್), 16ರಿಂದ 17 ನಿಮಿಷ. ವೈನ್ ಹಾಕುವುದಾದರೆ ಒಂದೇ ಗುಟುಕು, ಹುಳಿ ಪೂರ್ತಿ ಇಂಗಲಿ. ಬೆಳ್ಳುಳ್ಳಿ, ನಿಂಬೆ, ಕಾಳುಮೆಣಸು, ಅಣಬೆ ಯಾವುದೂ ಬೇಡ, ಎಲ್ಲವೂ ಟ್ರಫಲ್ ಜೊತೆ ಜಗಳಕ್ಕೆ ನಿಲ್ಲುತ್ತವೆ. ಒಲೆಯಿಂದ ಇಳಿಸಿ ಒಂದು ನಿಮಿಷ ಬಿಟ್ಟು, ತಲೆಗೆ 15 ಗ್ರಾಂ ತಣ್ಣನೆ ಬೆಣ್ಣೆ, 15 ಗ್ರಾಂ ಪಾರ್ಮೆಸಾನ್ ಚೀಸ್ ಹಾಕಿ ಜೋರಾಗಿ ಕದಡಿ. ಪರಿಮಳಕ್ಕೆ ಕೊಬ್ಬೇ ಆಸರೆ, ಬೆಣ್ಣೆ ಉಳಿಸಲು ಹೋಗಬೇಡಿ. ಆಲ್ಬಾ ಇರುವ ಪಿಯೆಮೊಂಟೆ ಪ್ರಾಂತ್ಯದವರು ಟ್ರಫಲನ್ನು ಮೊಟ್ಟೆಯ ಹಳದಿ ಭಾಗವೇ ಹೆಚ್ಚಿರುವ ತಾಯರಿನ್ ಶಾವಿಗೆ, ಫೊಂಟೀನಾ ಚೀಸ್ ಕರಗಿಸಿ ಮಾಡುವ ಫೊಂದೂತಾ, ಮೊಟ್ಟೆಗಳ ಮೇಲೆ ಹಾಕೋದು ಸುಮ್ಮನಲ್ಲ.

ಶುಚಿ ಮಾಡೋದು ಬಡಿಸುವ ದಿನವೇ. ಮೃದುವಾದ ಹಲ್ಲುಜ್ಜುವ ಬ್ರಷ್ ಒಣಗಿದ್ದು ಸಾಕು. ಮೊಂಡು ಜೇಡಿಗೆ ಬ್ರಷ್ ತುದಿ ತುಸು ಒದ್ದೆ ಮಾಡಿ ಉಜ್ಜಿ ತಕ್ಷಣ ಒರೆಸಿ. ಸಿಪ್ಪೆ ತೆಗೆಯಬೇಡಿ. ಸ್ಲೈಸರ್‌ನ ತಿರುಪು ಸರಿಮಾಡಿ ಮೊದಲು ಒಂದೇ ಬಿಲ್ಲೆ ಕತ್ತರಿಸಿ: ಬೆಳಕಿಗೆ ಹಿಡಿದರೆ ಕಂದು ಬಣ್ಣದಲ್ಲಿ ಬಿಳಿ ನರಗಳ ಜಾಲ ಕಾಣಬೇಕು, ಬಿಲ್ಲೆ ತಾನೇ ಬಾಗಬೇಕು. ನೆಟ್ಟಗೆ ನಿಂತರೆ ದಪ್ಪ, ಹರಿದರೆ ಅತಿ ತೆಳು. ಅರ್ಧ ಮಿಲಿಮೀಟರ್ ಒಳಗಿರಲಿ. ಮುಂಚೆ ಕತ್ತರಿಸಿ ಬಟ್ಟಲಲ್ಲಿ ತುಂಬಿಡಬೇಡಿ, ಊಟಕ್ಕೆ ಕೂತವರ ಮೂಗಿನ ಕೆಳಗೇ ಕತ್ತರಿಸಿ.

ತೂಕದಕಲ್ಲು:
ಎಣ್ಣೆ ಬಗ್ಗೆ ಯಾರೂ ಹೇಳಲಿಲ್ಲ. ಮಾರುಕಟ್ಟೆಯ ಬಹುಪಾಲು ಟ್ರಫಲ್ ಎಣ್ಣೆಗಳಲ್ಲಿರೋದು 2,4-ಡೈಥಯಾಪೆಂಟೇನ್ ಅನ್ನೋ ಒಂದೇ ಸುವಾಸಕ, ತಯಾರಾಗೋದು ಕಾರ್ಖಾನೆಯಲ್ಲಿ. ನಿಜವಾದ ಟ್ರಫಲ್‌ನಲ್ಲೂ ಅದಿದೆ, ಜೊತೆಗೆ ಇನ್ನೂ ಹಲವಾರು ಇವೆ. ಎಣ್ಣೆಯದು ಒಂದೇ ತಂತಿಯ ವೀಣೆ. ಲೇಬಲ್‌ನಲ್ಲಿ 'ಅರೋಮಾ' ಅಂತಿದ್ದರೆ ಅರ್ಥ ಮಾಡಿಕೊಳ್ಳಿ. ನಿಜವಾದ ಟ್ರಫಲ್ ಇರುವ ತಟ್ಟೆಗಂತೂ ಒಂದು ಹನಿಯೂ ಬೇಡ, ಅದರ ಮುಂದೆ ಅಸಲಿಯೇ ಸಪ್ಪೆ ಅನಿಸುತ್ತೆ.

ರಿಸೊಟ್ಟೊ_ಪ್ರಿಯ:
40 ಗ್ರಾಂ ಹೇಳಿದೆ, ಮುರಿದ ತುಂಡುಗಳೇ. ಚೂರುಪಾರು ಉಳಿದರೆ ಫ್ರೀಜರ್‌ಗೆ ಹಾಕಬಹುದಾ?

ತಂಪುಪೆಟ್ಟಿಗೆ:
ಹಾಗೇ ಹಾಕಿದರೆ ಕರಗಿದಾಗ ಮೆತ್ತಗೆ ನೀರು ಬಿಡುತ್ತೆ. ಸಣ್ಣಗೆ ತುರಿದು, 10 ಗ್ರಾಂಗೆ 100 ಗ್ರಾಂ ಉಪ್ಪಿಲ್ಲದ ಮೆದು ಬೆಣ್ಣೆಯ ಲೆಕ್ಕದಲ್ಲಿ ಕಲಸಿ, ಬಟರ್ ಪೇಪರ್‌ನಲ್ಲಿ ಬತ್ತಿಯ ಹಾಗೆ ಸುತ್ತಿ ಫ್ರೀಜ್ ಮಾಡಿ. ಬೇಕಾದಾಗ ಬಿಲ್ಲೆ ಕತ್ತರಿಸಿ, ಒಲೆಯಿಂದ ಇಳಿಸಿದ ಪಾಸ್ತಾಗೆ ಹಾಕಿ. ಒಂದು ತಿಂಗಳೊಳಗೆ ಮುಗಿಸಿಬಿಡಿ.