ಗಾಜಿನ ಕೊಳವೆ ಎಳೆದಾಗ ತೂತು ಕುಗ್ಗುವುದೇಕೆ? – ಪ್ರಶ್ನೋತ್ತರ

ಸಂಶೋಧನಾ ವಿದ್ಯಾರ್ಥಿನಿ: ಸರ್, ಹೊರವ್ಯಾಸ 20, ಒಳವ್ಯಾಸ 10 ಮಿ.ಮೀ. ಇರುವ ಬೋರೋಸಿಲಿಕೇಟ್ (ಬಿಸಿ ತಾಳುವ ಗಾಜು) ಕೊಳವೆಯನ್ನು ಕುಲುಮೆಯಲ್ಲಿ ಮೆತ್ತಗಾಗಿಸಿ ಎಳೆಯುತ್ತಿದ್ದೇನೆ. ಮೇಲಿಂದ ನಿಮಿಷಕ್ಕೆ 1 ಮಿ.ಮೀ. ಇಳಿಸುತ್ತೇನೆ, ಕೆಳಗೆ 10 ಮೀಟರ್ ಎಳೆಯುತ್ತೇನೆ. ಹೊರವ್ಯಾಸ 0.2 ಮಿ.ಮೀ. ಬಂತು. ತೂತು 0.1 ಇರಬೇಕಿತ್ತು, 0.06 ಇದೆ. ನನ್ನ ಸಮೀಕರಣ ತಪ್ಪಾ?

ಗಾಜಿನ ಎಂಜಿನಿಯರ್: ಸಮೀಕರಣ ಆಮೇಲೆ. ನಿಮ್ಮ ಅಳತೆಯೇ ನನಗೆ ಚಿಂತೆ. ಒಳಗೆ ಹೋದಷ್ಟೇ ಗಾಜು ಹೊರಗೆ ಬರಬೇಕು, ಅಲ್ವಾ? ಹೋದದ್ದು ನಿಮಿಷಕ್ಕೆ ಸುಮಾರು 236 ಘನ ಮಿ.ಮೀ., ಬಂದದ್ದು 286. ತೂತು 0.06 ನಿಜವಾದರೆ ಹೊರವ್ಯಾಸ 0.183 ಇರಬೇಕು. ಮತ್ತೆ ಅಳೆಯಿರಿ.

ತೂತು ಕುಗ್ಗುವುದು ಸಹಜ. ಬರೀ ಎಳೆದರೆ ಒಳ-ಹೊರ ವ್ಯಾಸದ ಅನುಪಾತ ಕೆಡುವುದಿಲ್ಲ. ಕೆಡಿಸುವುದು ಸರ್ಫೇಸ್ ಟೆನ್ಷನ್, ಅಂದರೆ ಮೆತ್ತಗಾದ ಗಾಜಿನ ಮೇಲ್ಮೈಯನ್ನು ಕುಗ್ಗಿಸಲು ನೋಡುವ ಎಳೆತ. ಗಾಜಿಗೆ ಅದು ಮೀಟರಿಗೆ ಸುಮಾರು 0.3 ನ್ಯೂಟನ್. 5 ಮಿ.ಮೀ. ತ್ರಿಜ್ಯದ ತೂತನ್ನು 60 ಪಾಸ್ಕಲ್ ಒತ್ತಡದಲ್ಲಿ ಮುಚ್ಚಲು ನೋಡುತ್ತದೆ. ತ್ರಿಜ್ಯ 0.05 ಆದಾಗ ಅದೇ ಒತ್ತಡ 6000. ಬಿಸಿಯಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ಜಾಸ್ತಿ ಮುಚ್ಚುತ್ತದೆ. ಇಳಿಸುವ, ಎಳೆಯುವ ವೇಗ ಎರಡನ್ನೂ ಒಂದೇ ಪಟ್ಟು ಹೆಚ್ಚಿಸಿ ನೋಡಿ.

ಸದಸ್ಯ 1: ಫಾರ್ವರ್ಡ್ ಬಂದಿದೆ: ‘ಮೇಲ್ತುದಿ ಮುಚ್ಚಿಬಿಡಿ, ತೂತು ಕುಗ್ಗಲ್ಲ.’ ನಿಜವಾ?

ಎಂಜಿನಿಯರ್: ಮಾಡಬೇಡಿ! ಒಳಗೆ ಸಿಕ್ಕ ಗಾಳಿ ಕಾದು ಒತ್ತಡ ಏರುತ್ತದೆ, ನಿಮ್ಮ ಹಿಡಿತದಲ್ಲಿ ಇರುವುದಿಲ್ಲ. ಮೇಲಿನ ಅಗಲ ತೂತು ಬಲೂನಿನಂತೆ ಊದಿಕೊಳ್ಳುತ್ತದೆ. ಊದಿದಷ್ಟೂ ತಡೆಯುವ ಬಲ ಕಡಿಮೆ. ಒತ್ತಡ ಬೇಕೇ ಬೇಕಿದ್ದರೆ ರೆಗ್ಯುಲೇಟರ್ ಇಟ್ಟು ಚೂರು ಚೂರೇ ಕೊಡಿ. ಪರೀಕ್ಷಿಸದೆ ಇಂಥದ್ದನ್ನು ಹಂಚುವವರು ಯಾರು?

ಸದಸ್ಯ 2: ಉಷ್ಣತೆ ಇಳಿಸಿದರೆ ಸಾಕಪ್ಪ.

ಸದಸ್ಯ 3: ಸಾಲದು. ಗಾಜು ಗಟ್ಟಿಯಾದಷ್ಟೂ ಎಳೆಯಲು ಬಲ ಹೆಚ್ಚು ಬೇಕು, ಎಳೆ ತುಂಡಾಗುತ್ತದೆ.

ಸದಸ್ಯ 2: ನನ್ನದು ಇವತ್ತಿನವರೆಗೂ ತುಂಡಾಗಿಲ್ಲ.

ಸದಸ್ಯ 3: ನಿಮ್ಮ ಕೊಳವೆಯ ಅಳತೆ ಹೇಳಿ. ಸುಮ್ನೆ ಸಲಹೆ ಕೊಡಬೇಡಿ.

ಸದಸ್ಯ 2: ನಿಮಗ್ಯಾಕೆ ಹೇಳಬೇಕು?

ಸದಸ್ಯ 4: ಏಳು ತೂತಿನ ಕೊಳವೆಗೂ ಇದೇ ಲೆಕ್ಕವಾ?

ಸದಸ್ಯ 5: ದ್ರವದ ಹರಿವಿನ ನೇವಿಯರ್-ಸ್ಟೋಕ್ಸ್ ಸಮೀಕರಣ ಪೂರ್ತಿ ಬಿಡಿಸಬೇಕಾ ಸರ್?

ಎಂಜಿನಿಯರ್: ಬೇಡ. ಎಳೆ ಉದ್ದ, ತೆಳು. ಗಾಜು ಅಂಟಂಟು, ಜಡತ್ವ ಲೆಕ್ಕಕ್ಕೇ ಬರುವುದಿಲ್ಲ. 2002ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಗಣಿತಜ್ಞ ಫಿಟ್ ಮತ್ತು ಸಂಗಡಿಗರು ಹೀಗೇ ಸರಳಗೊಳಿಸಿದ್ದಾರೆ.

ಸದಸ್ಯ 6: ಮೇಲ್ತುದಿ ಮುಚ್ಚಿದರೆ ಹೇಗೆ?

ಎಂಜಿನಿಯರ್: ಮೇಲೆ ಓದಿ.

ಸದಸ್ಯ 2: ಉಷ್ಣತೆ ಇಳಿಸಿ ಅಂದೆ, ಯಾರೂ ಕೇಳಲ್ಲ.

ವಿದ್ಯಾರ್ಥಿನಿ: ಮತ್ತೆ ಅಳೆದೆ ಸರ್. ಹೊರವ್ಯಾಸ 0.19. ಇನ್ನೂ ಹೊಂದುತ್ತಿಲ್ಲ.

ಎಂಜಿನಿಯರ್: ತೂತನ್ನು ಪಕ್ಕದಿಂದ ನೋಡಿ ಅಳೆದಿರಾ? ಗಾಜು ಮಸೂರದಂತೆ ಅದನ್ನು ದೊಡ್ಡದಾಗಿ ತೋರಿಸುತ್ತದೆ. ಹಾಗಿದ್ದರೆ ನಿಜವಾದ ತೂತು ಇನ್ನೂ ಚಿಕ್ಕದು, ಲೆಕ್ಕದ ವ್ಯತ್ಯಾಸ ಇನ್ನೂ ಹೆಚ್ಚು. ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಇಳಿಸುವ ಮೋಟಾರಿಗೂ ಸ್ಕೇಲ್ ಹಿಡಿದು ಹತ್ತು ನಿಮಿಷ ಪರೀಕ್ಷಿಸಿ. ಉಳಿದವರು ಜಗಳ ಬೇರೆಡೆ ಆಡಿ.